ಮೊದಲ ಆಲ್ಬಮ್, ಶುಕ್ರವಾರಕ್ಕೂ ಮುಂಚೆ

ರ‍್ಯಾಪರ್‌ಗಳ ಮೊದಲ ಸ್ಟುಡಿಯೋ ಆಲ್ಬಮ್ ಎಡವುವುದು ಹೆಚ್ಚಾಗಿ ಸಾಹಿತ್ಯದಲ್ಲಲ್ಲ, ಸ್ಯಾಂಪಲ್‌ನಲ್ಲಿ. ಹಳೆಯ ಹಾಡಿನ ಎರಡೇ ಸೆಕೆಂಡು ಎತ್ತಿಕೊಂಡರೂ ಎರಡು ಅನುಮತಿ ಪಡೆದಿಡುವುದು ಕ್ಷೇಮ: ಧ್ವನಿಮುದ್ರಣದ ಹಕ್ಕು ಇರುವವರದ್ದು ಒಂದು, ಹಾಡು ಬರೆದು ರಾಗ ಹಾಕಿದವರ ಕಡೆಯದು ಇನ್ನೊಂದು. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ, ಬಿಡುಗಡೆಯಾದ ಮೇಲೂ ಹಾಡನ್ನು ತೆಗೆದುಹಾಕಬೇಕಾಗಿ ಬರಬಹುದು. ಬೀಟ್, ಅಂದರೆ ರ‍್ಯಾಪ್‌ನ ಹಿನ್ನೆಲೆ ಸಂಗೀತ, ಲೀಸ್‌ಗೆ ತಂದದ್ದಾದರೆ ಕರಾರಿನಲ್ಲಿ ಸ್ಟ್ರೀಮ್‌ಗಳ ಮಿತಿ ಎಷ್ಟಿದೆ ಎಂದು ಓದಿ. ಅದೇ ಬೀಟ್ ಬೇರೆಯವರಿಗೂ ಮಾರಾಟವಾಗಿರಬಹುದು. ಮೊದಲ ಆಲ್ಬಮ್ ಬರುವುದು ಒಂದೇ ಸಲ, ಅದಕ್ಕೆ ಬೀಟ್‌ನ ಎಕ್ಸ್‌ಕ್ಲೂಸಿವ್ ಹಕ್ಕು, ಅಂದರೆ ಮುಂದೆ ಬೇರೆಯವರಿಗೆ ಮಾರದ ಹಕ್ಕು, ಕೊಳ್ಳುವುದೇ ಸರಿ.

ಮೊದಲೇ ಸಿಂಗಲ್ ಆಗಿ ಬಂದ ಹಾಡಿಗೆ ಆಲ್ಬಮ್‌ನಲ್ಲೂ ಅದೇ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ (ಧ್ವನಿಮುದ್ರಣದ ಗುರುತಿನ ಸಂಕೇತ) ಹಾಕಿ. ಹೊಸದು ಹಾಕಿದರೆ ಪ್ಲೇ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಮಾಸ್ಟರನ್ನು, ಅಂದರೆ ಬಿಡುಗಡೆಗೆ ಸಿದ್ಧವಾದ ಅಂತಿಮ ಆಡಿಯೋವನ್ನು, ಎಷ್ಟೇ ಜೋರು ಮಾಡಿದರೂ ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದನ್ನು -14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಆಸುಪಾಸಿಗೆ ತಗ್ಗಿಸುತ್ತದೆ. ಕೊನೆಗೆ ಉಳಿಯುವುದು ಜಜ್ಜಿಹೋದ ಕಿಕ್ ಡ್ರಮ್ ಸದ್ದು. ರ‍್ಯಾಪ್‌ನಲ್ಲಿ ಮಾತೇ ವಾದ್ಯ, ಅದಕ್ಕೆ ಉಸಿರಾಡಲು ಜಾಗ ಬಿಡಿ.

2015ರ ಜುಲೈನಿಂದ ಜಗತ್ತಿನ ಹೆಚ್ಚಿನ ಕಡೆ ಹೊಸ ಸಂಗೀತ ಬರುವುದು ಶುಕ್ರವಾರ. ಫೈಲ್‌ಗಳು 4 ವಾರ ಮೊದಲೇ ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕೈ ಸೇರಲಿ. ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಕನಿಷ್ಠ 7 ದಿನ ಮುಂಚೆ ಕಳಿಸಬೇಕು, ಅದೂ ಇಡೀ ಆಲ್ಬಮ್‌ನಿಂದ ಒಂದೇ ಹಾಡು.