ಮಾರ್ಚ್ 7, ಇಬ್ಬರು ತಾಯಂದಿರ ಸ್ಮರಣೆ

ಸಂತ ಪೆರ್ಪೆತುವಾ ಮತ್ತು ಸಂತ ಫೆಲಿಸಿತಾ ಅವರ ಸ್ಮರಣೆ ಮಾರ್ಚ್ 7ಕ್ಕೆ. ಹೆಚ್ಚಿನ ವರ್ಷ ಅದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲೇ ಬೀಳುತ್ತದೆ. ಹಾಗಾಗಿ ಗುರುಗಳು ರಕ್ತಸಾಕ್ಷಿಗಳ ಕೆಂಪು ಉಡುಪು ತೊಡುವುದಿಲ್ಲ, ನೇರಳೆಯೇ ಇರುತ್ತದೆ. ಆರಂಭದ ಪ್ರಾರ್ಥನೆಯಲ್ಲಿ ಮಾತ್ರ ಇವರನ್ನು ನೆನೆಯಬಹುದು. ಬಲಿಪೂಜೆಯ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯಲ್ಲೂ ಇಬ್ಬರ ಹೆಸರಿದೆ, ಆದರೆ ಆವರಣದೊಳಗೆ. ಬಿಟ್ಟು ಓದಲು ಅನುಮತಿ ಉಂಟು. ಆ ದಿನವಾದರೂ ಬಿಡಬಾರದು.

ಕ್ರಿ.ಶ. 203, ಉತ್ತರ ಆಫ್ರಿಕದ ಕಾರ್ಥೇಜ್. ಪೆರ್ಪೆತುವಾಳಿಗೆ ಸುಮಾರು 22 ವರ್ಷ, ಮಡಿಲಲ್ಲಿ ಮೊಲೆಯುಣ್ಣುವ ಕೂಸು. ಫೆಲಿಸಿತಾ ದಾಸಿ, ಗರ್ಭಿಣಿ. ಅವಳು ಪೆರ್ಪೆತುವಾಳ ಮನೆಯ ದಾಸಿ ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳುತ್ತೇವೆ. ಇವರ ರಕ್ತಸಾಕ್ಷ್ಯವನ್ನು ಹೇಳುವ ಮೂಲ ಬರಹದಲ್ಲಿ ಹಾಗೆಂದು ಇಲ್ಲ. ಬಂಧನವಾದಾಗ ಇವರು ಇನ್ನೂ ದೀಕ್ಷಾರ್ಥಿಗಳು, ಎಂದರೆ ಕ್ರೈಸ್ತರಾಗಲು ಸಿದ್ಧರಾಗುತ್ತಿದ್ದವರು, ದೀಕ್ಷಾಸ್ನಾನವಾದದ್ದು ಕಾವಲಿನಲ್ಲಿದ್ದಾಗ.

ಆ ಬರಹಕ್ಕೆ 21 ಅಧ್ಯಾಯ. 3ರಿಂದ 10ರವರೆಗೆ ಪೆರ್ಪೆತುವಾ ಸೆರೆಯಲ್ಲಿ ತಾನೇ ಬರೆದದ್ದು. ಧ್ಯಾನಕ್ಕೆ ಕೂರುವವರು ಅಲ್ಲಿಂದಲೇ ಶುರುಮಾಡಲಿ. ಕತ್ತಲು, ಸೆಕೆ, ಸೈನಿಕರ ಕಾಟ. ಎಲ್ಲಕ್ಕಿಂತ ಮಗುವಿನ ಚಿಂತೆ. ತೆರ್ತಿಯುಸ್, ಪೊಂಪೋನಿಯುಸ್ ಎಂಬ ಇಬ್ಬರು ಉಪಯಾಜಕರು ಕಾವಲಿನವರಿಗೆ ಹಣ ಕೊಟ್ಟು, ಸೆರೆಯಾಳುಗಳು ಕೆಲವು ಗಂಟೆ ಒಳ್ಳೆಯ ಜಾಗದಲ್ಲಿರುವಂತೆ ಮಾಡಿದರು. ಹಸಿವಿನಿಂದ ಸೊರಗಿದ್ದ ಕೂಸಿಗೆ ಅವಳು ಹಾಲೂಡಿದಳು. ಮುಂದೆ ಮಗುವನ್ನು ಜೊತೆಗಿರಿಸಿಕೊಳ್ಳಲು ಒಪ್ಪಿಗೆ ಸಿಕ್ಕಾಗ ಸೆರೆಮನೆಯೇ ಅರಮನೆಯಾಯಿತು ಎನ್ನುತ್ತಾಳೆ. ತಾಯ್ತನವನ್ನು ಕಿತ್ತೆಸೆದು ಸಂತಳಾದವಳಲ್ಲ ಈಕೆ. ಎದೆಯ ಹಾಲಿನೊಂದಿಗೇ ದೇವರ ಮುಂದೆ ನಿಂತಳು.

ವಿಚಾರಣೆಯಲ್ಲಿ ರೋಮನ್ ಅಧಿಕಾರಿ ಹಿಲಾರಿಯಾನುಸ್ ಕೇಳಿದ್ದು ಇಷ್ಟೇ: ಚಕ್ರವರ್ತಿಗಳ ಕ್ಷೇಮಕ್ಕಾಗಿ ಬಲಿ ಅರ್ಪಿಸು, ನಿನ್ನ ತಂದೆಯ ನರೆಗೂದಲನ್ನಾದರೂ ನೋಡು. ಅವಳು ಒಪ್ಪಲಿಲ್ಲ. ಕ್ರೈಸ್ತಳೇ ಎಂದು ಕೇಳಿದಾಗ ಹೌದೆಂದಳು. ತಡೆಯಲು ಬಂದ ತಂದೆಗೆ ಬೆತ್ತದ ಏಟು ಬಿದ್ದದ್ದು ತನಗೇ ಬಿದ್ದಂತೆ ನೊಂದಳು. ತೀರ್ಪು ಬಂತು: ಎಲ್ಲರನ್ನೂ ಮೃಗಗಳ ಮುಂದೆ ಬಿಡುವುದು. ಆ ಮೇಲೆ ತಂದೆಯ ಬಳಿಯಿದ್ದ ಮಗುವನ್ನು ಕೇಳಿ ಕಳಿಸಿದರೆ ಅವನು ಕೊಡಲಿಲ್ಲ. ಆದರೆ ಮಗು ಮತ್ತೆ ಮೊಲೆ ಬಯಸಲಿಲ್ಲ, ಅವಳ ಎದೆಯೂ ಕಟ್ಟಿಕೊಂಡು ನೋಯಲಿಲ್ಲ. ದೇವರ ದಯೆಯನ್ನು ಅವಳು ಗುರುತಿಸಿದ್ದು ಇಂಥ ಕಡೆ.

ಗರ್ಭಿಣಿಯರಿಗೆ ಮರಣದಂಡನೆ ಕೂಡದೆಂಬ ಕಾನೂನಿತ್ತು. ಸಂಗಾತಿಗಳಿಂದ ಬೇರೆಯಾಗಿ, ಮುಂದೆಂದೋ ಯಾರೋ ಅಪರಾಧಿಗಳ ಜೊತೆ ಸಾಯಬೇಕಾದೀತೆಂಬುದೇ ಫೆಲಿಸಿತಾಳ ಅಳಲು. ಎಲ್ಲರೂ ಪ್ರಾರ್ಥಿಸಿದರು, ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ವಿಶ್ವಾಸಿ ಸಹೋದರಿಯೊಬ್ಬಳು ಅದನ್ನು ತನ್ನ ಮಗಳಾಗಿ ಸಾಕಿದಳು.

ಇವರನ್ನು ಸಿಂಹಗಳ ಮುಂದೆ ಬರೆಯುವ ಚಿತ್ರಕಾರರು ತಪ್ಪುತ್ತಾರೆ. ಇವರ ಮೇಲೆ ಬಿಟ್ಟದ್ದು ಮದವೇರಿದ ಹಸುವನ್ನು. ಬಟ್ಟೆ ಕಳಚಿ, ಬಲೆ ಹೊದಿಸಿ ತಂದಾಗ, ಬಾಣಂತಿಯ ಎದೆಯಿಂದ ಹಾಲು ತೊಟ್ಟಿಕ್ಕುವುದನ್ನು ಕಂಡು ಜನರೇ ನಡುಗಿದರು. ಹಿಂದಕ್ಕೆ ಕರೆದು ನಿಲುವಂಗಿ ತೊಡಿಸಬೇಕಾಯಿತು. ಹಸು ಎತ್ತಿ ಎಸೆದ ಮೇಲೆ ಪೆರ್ಪೆತುವಾ ಎದ್ದು ಕೂತು, ಹರಿದ ಅಂಗಿಯನ್ನು ತೊಡೆಯ ಮೇಲೆಳೆದುಕೊಂಡು, ಕೂದಲಿಗೆ ಪಿನ್ನು ಹುಡುಕಿದಳು. ಕೆದರಿದ ಕೂದಲು ಶೋಕದ ಗುರುತು, ಅವಳಿಗಿದು ಶೋಕದ ಹೊತ್ತಲ್ಲ. ಆಮೇಲೆ ಬಿದ್ದಿದ್ದ ಫೆಲಿಸಿತಾಳಿಗೆ ಕೈಕೊಟ್ಟು ಎಬ್ಬಿಸಿದಳು. ಕೊನೆಗೆ ಕತ್ತಿ. ಹೊಸಬನಾದ ಗ್ಲಾಡಿಯೇಟರನ ಏಟು ತಪ್ಪಿ ಎಲುಬಿಗೆ ತಾಗಿದಾಗ ಪೆರ್ಪೆತುವಾ ಕೂಗಿಕೊಂಡಳು. ನಡುಗುತ್ತಿದ್ದ ಅವನ ಕೈಯನ್ನು ತಾನೇ ಹಿಡಿದು ಕೊರಳಿಗೆ ತಂದಳು.