ಬ್ಯಾನ್ ಆಯ್ತಲ್ಲ, ಇನ್ನೂ ಏನು ಹೋರಾಟ?

ನಾನು ಕಾಸರಗೋಡಿನ ಎಣ್ಮಕಜೆಯವಳು ಅಂತ ಗೊತ್ತಾದರೆ ಸಾಕು, ಮುಂದಿನ ಪ್ರಶ್ನೆ ಇದೇ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೌದು, ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬ್ಯಾನ್ ಆಗಿದೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು. ನಮ್ಮ ಜಿಲ್ಲೆಯ ಪೆರಿಯದ ಲೀಲಾಕುಮಾರಿ ಅಮ್ಮ, ಇದನ್ನು ನಿಲ್ಲಿಸಿ ಅಂತ ನಮ್ಮ ಜಿಲ್ಲೆಯದೇ ಹೊಸದುರ್ಗದ ಕೋರ್ಟಿನ ಮೆಟ್ಟಿಲು ಹತ್ತಿದ್ದು 1998ರಲ್ಲಿ. ಆಕೆ ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದವರು, ನೆನಪಿರಲಿ. ಸರ್ಕಾರದ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಡುತ್ತಿದ್ದರು. ಗುಡ್ಡದ ಮೇಲೆ ಬಿಟ್ಟದ್ದು ಕೆಳಗಿನ ತೋಡಿಗೆ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಕ್ಕೆ ಇಳಿಯದೆ ಇನ್ನೆಲ್ಲಿಗೆ ಹೋಗಬೇಕು?

2017ರಲ್ಲಿ ಸುಪ್ರೀಂ ಕೋರ್ಟು, ಆ ಮದ್ದಿನಿಂದ ಕಾಯಿಲೆ ಬಿದ್ದ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ 5 ಲಕ್ಷ ಕೊಡಿ ಅಂದಿತು. 2022ರಲ್ಲಿ ನೋಡಿದರೆ 3,704 ಜನರ ಪಟ್ಟಿಯಲ್ಲಿ ದುಡ್ಡು ಸಿಕ್ಕಿದ್ದು ಎಂಟು ಜನಕ್ಕೆ. ಅದೂ ಮತ್ತೆ ಕೋರ್ಟಿಗೆ ಹೋದವರಿಗೆ. ಆಮೇಲೆ ಕೋರ್ಟು ಬೈದದ್ದಕ್ಕೆ ಕೆಲಸ ಓಡಿತು.

ನನಗೆ ಸಿಟ್ಟು ಬರುವುದು ಆ 'ಇನ್ನೂ'ಗೆ. ಬದಿಯಡ್ಕದ ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತ ದೂರದ ಮಾವ, "ಇನ್ನೂ ಬಿಟ್ಟಿಲ್ವಾ ಅದನ್ನು? ಸಂಬಳ ಎಷ್ಟು ಕೊಡ್ತಾರೆ?" ಅಂದರು. ಬಸ್ ಚಾರ್ಜು ನನ್ನದೇ, ಮಾವ. ಅಷ್ಟರಲ್ಲಿ ಪಾಯಸ ಬಂತು, "ಇನ್ನೂ ಸ್ವಲ್ಪ ಬಿಡು" ಅಂದರು. ಆ 'ಇನ್ನೂ'ಗೆ ನನ್ನ ತಕರಾರಿಲ್ಲ.

ಈ ಸಂತ್ರಸ್ತ ಮಕ್ಕಳನ್ನು ನೋಡಿಕೊಳ್ಳುವುದು ಅಮ್ಮಂದಿರು. ಯಾರಾದರೂ ಒಂದು ಸಲ "ಆ ಅಮ್ಮಂದಿರಿಗೆ ಹೇಗಿದೆ?" ಅಂತ ಕೇಳಬಾರದಾ?

ನಮ್ಮ ನೆರೆಕರೆಯ ಅಕ್ಕನ ಮಗನಿಗೆ ಇಪ್ಪತ್ತೊಂಬತ್ತು. ಎದ್ದು ಕೂತವನಲ್ಲ. ಅಕ್ಕ ಒಂದು ಮೊಣಕಾಲು ನೆಲಕ್ಕೂರಿ, ಅವನ ಎರಡೂ ಕಂಕುಳಿಗೆ ಕೈ ಹಾಕಿ, ಉಸಿರು ಬಿಗಿಹಿಡಿದು ಎತ್ತುತ್ತಾರೆ. ದಿನಕ್ಕೆ ಏಳೆಂಟು ಸಲ. ಅವರ ಗರ್ಭಕೋಶ ಜಾರಿ ಎಷ್ಟೋ ವರ್ಷ ಆಗಿದೆ. ಸಂತ್ರಸ್ತರನ್ನು ಡಾಕ್ಟರು ನೋಡುವ ಕ್ಯಾಂಪಿಗೆ ಹೋದರೆ ಫೈಲು ಮಗನ ಹೆಸರಲ್ಲಿ. ಇವರು ಬರೀ ಕರೆದುಕೊಂಡು ಬಂದವರು.

ಅದಕ್ಕೇ ನಾವು ಹೆಂಗಸರು ಸರದಿ ಮಾಡಿಕೊಂಡೆವು. ಒಬ್ಬಳು ಡಾಕ್ಟರ ಹತ್ತಿರ ಹೋದರೆ ಇನ್ನೊಬ್ಬಳು ಅವಳ ಮಗುವಿನ ಹತ್ತಿರ ಕೂರುವುದು. ಅಕ್ಕ ಮೂರು ಸರದಿ ತಪ್ಪಿಸಿದರು. ನಾಲ್ಕನೆಯದಕ್ಕೆ ನಾನೇ ಮಂಗಳೂರಿಗೆ ಕರೆದುಕೊಂಡು ಹೋದೆ. ತಲಪಾಡಿ ಗಡಿ ದಾಟುವುದರೊಳಗೆ ಮನೆಗೆ ಮೂರು ಫೋನು, "ಗಂಜಿ ಕುಡಿದನಾ?" ಅಂತ.

ಡಾಕ್ಟರು ನೋಡಿ, "ಭಾರ ಎತ್ತಬೇಡಿ" ಅಂದರು. ಅಕ್ಕ ನನ್ನ ಮುಖ ನೋಡಿದರು. ಇಬ್ಬರಿಗೂ ನಗು ಬಂತು, ಡಾಕ್ಟರಿಗೆ ಮಾತ್ರ ಯಾಕೆ ಅಂತ ಗೊತ್ತಾಗಲಿಲ್ಲ.

ಎತ್ತಲು ಒಬ್ಬ ಆಳು ಬೇಕು, ಸಂಬಳ ಕೊಟ್ಟು ಇಡಬೇಕು. ಈಗ ಪಂಚಾಯ್ತಿಯಲ್ಲಿ ನಾವು ಕೇಳುತ್ತಿರುವುದು ಇದನ್ನೇ. ಬುಧವಾರ ಮತ್ತೆ ಹೋಗಲಿಕ್ಕಿದೆ. ಮಾವನಿಗೂ ಹೇಳಿದ್ದೇನೆ, ಅವರ ಹತ್ತಿರ ಕಾರಿದೆ.