ಕಾರಿಗೆ ಗಾಳಿ ಹಾಕೋ ಮಷೀನು: ಡಬ್ಬಾ ಮೇಲಿನ 150 ಪಿಎಸ್ಐ ನೋಡಿ ತಗೋಬೇಡಿ

ಆನ್‌ಲೈನಲ್ಲಿ ಟೈರ್ ಇನ್ಫ್ಲೇಟರ್ ಅಂತ ಹುಡುಕಿದ್ರೆ ಮೊದ್ಲು ಕಣ್ಣಿಗೆ ಬೀಳೋದೇ 150 ಪಿಎಸ್ಐ ಅನ್ನೋ ನಂಬರ್ರು, ಪಿಎಸ್ಐ ಅಂದ್ರೆ ಗಾಳಿಯ ಒತ್ತಡದ ಅಳತೆ. ಸಾವಿರ ರೂಪಾಯಿದರ ಮೇಲೂ ಅದೇ, ಐದು ಸಾವಿರದ್ದರ ಮೇಲೂ ಅದೇ. ಆ ನಂಬರ್ ಈಗ್ಲೇ ಮರ್ತುಬಿಡಿ. ನಮ್ಮ ಮಾಮೂಲಿ ಕಾರುಗಳಿಗೆ ಬೇಕಾಗಿರೋದು 30ರಿಂದ 36ರ ಆಸುಪಾಸು, 150 ಅಂದ್ರೆ ಲಾರಿ ಟೈರಿಗೂ ಜಾಸ್ತಿನೇ ಆಯ್ತು. ಅಷ್ಟು ಒತ್ತಡ ಬರುತ್ತೆ ಅಂತ ಬರೆಯೋದು ಸುಲಭ, ಸಣ್ಣ ಪಿಸ್ಟನ್ ಇಟ್ರೆ ಬಂದೇ ಬರುತ್ತೆ, ಆದ್ರೆ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ತಳ್ಳುತ್ತೆ ಅಂತ ಕೇಳಿದ್ರೆ ಅರ್ಧ ಕಂಪನಿಗಳು ಬಾಯೇ ಬಿಡಲ್ಲ.

ಲೆಕ್ಕ ತುಂಬಾ ಸಿಂಪಲ್ಲು. ಹ್ಯಾಚ್‌ಬ್ಯಾಕ್ ಟೈರ್ ಒಳಗೆ ಹೆಚ್ಚುಕಮ್ಮಿ 30 ಲೀಟರ್ ಜಾಗ ಇದೆ ಅಂದ್ಕೊಳ್ಳಿ. ಪೂರ್ತಿ ನೆಲಕ್ಕೆ ಕೂತಿರೋ ಟೈರನ್ನ 33ಕ್ಕೆ ತರ್ಬೇಕು ಅಂದ್ರೆ ಹೊರಗಿನ ಗಾಳಿ 65 ಲೀಟರ್ ಮೇಲೆ ಒಳಗೆ ತುರುಕಬೇಕು. ಅದೇ 28ರಲ್ಲಿದ್ದಿದ್ದನ್ನ 33 ಮಾಡೋಕೆ ಬರೀ 10 ಲೀಟರ್ ಸಾಕು. ನಿಮಿಷಕ್ಕೆ 35 ಲೀಟರ್ ಅಂತ ಬರೆದಿರೋ ಮಷೀನು ಆ 35 ಕೊಡೋದು ಪೈಪ್ ತುದಿ ಗಾಳೀಲಿ ತೂಗಾಡ್ತಿದ್ದಾಗ ಮಾತ್ರ, ಟೈರ್ ಒಳಗಿನ ಒತ್ತಡ ಏರ್ತಾ ಏರ್ತಾ ಅದರ ಉಸಿರು ಇಳಿಯುತ್ತೆ. ಆದ್ರೂ ಖಾಲಿ ಟೈರು ನಾಲ್ಕೈದು ನಿಮಿಷದಲ್ಲಿ ಎದ್ದು ನಿಲ್ಲುತ್ತೆ, ಟಾಪ್ಅಪ್ ಅಂತೂ ಒಂದು ನಿಮಿಷದ ಕೆಲಸ. ಹತ್ತು ಹನ್ನೆರಡು ಲೀಟರಿನ ಪುಟ್ಟ ಮಷೀನು ತಗೊಂಡ್ರೆ ಖಾಲಿ ಟೈರ್ ತುಂಬಿಸೋಷ್ಟರಲ್ಲಿ ಕೈ ಇಡೋಕಾಗದಷ್ಟು ಬಿಸಿ ಆಗಿರುತ್ತೆ, ಮ್ಯಾನುಯಲ್ ನೋಡಿದ್ರೆ ಅಲ್ಲೇ ಇರುತ್ತೆ, 10 ನಿಮಿಷ ಓಡಿಸಿ ಅಷ್ಟೇ ಹೊತ್ತು ರೆಸ್ಟ್ ಕೊಡಿ ಅಂತ. ಅದನ್ನ ಸೀರಿಯಸ್ಸಾಗಿ ತಗೊಳ್ಳಿ, ಒಳಗಿರೋ ಪ್ಲಾಸ್ಟಿಕ್ ಗೇರು ಕರಗಿ ಸತ್ತಿರೋ ಮಷೀನುಗಳು ಎಷ್ಟೋ ಇವೆ.

ಎರಡನೇದು ಕರೆಂಟು. ಕಾರಲ್ಲಿರೋ 12 ವೋಲ್ಟ್ ಸಾಕೆಟ್ ಮುಚ್ಚಳ ತೆಗೆದು ನೋಡಿ, ಸಾಮಾನ್ಯವಾಗಿ 120 ವ್ಯಾಟ್ ಅಂತ ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಅಂದ್ರೆ 10 ಆಂಪಿಯರ್. ಅದಕ್ಕಿಂತ ಜಾಸ್ತಿ ಎಳೆಯೋ ಮಷೀನನ್ನ ಅಲ್ಲಿ ಚುಚ್ಚಿದ್ರೆ ಫ್ಯೂಸ್ ಹಾರುತ್ತೆ, ಅದರ ಜೊತೆ ನಿಮ್ಮ ಮೊಬೈಲ್ ಚಾರ್ಜಿಂಗೂ ಹೋಗುತ್ತೆ, ಆಮೇಲೆ ರಾತ್ರಿ ಹೊತ್ತಲ್ಲಿ ಮ್ಯಾಪ್ ಇಲ್ದೆ ದಾರಿ ಹುಡುಕ್ತಾ ಕೂರ್ಬೇಕು. ಎರಡು ಸಿಲಿಂಡರಿನ ದೊಡ್ಡ ಮಷೀನುಗಳು ಬಾನೆಟ್ ಎತ್ತಿ ನೇರ ಬ್ಯಾಟರಿಗೆ ಕ್ಲಿಪ್ ಹಾಕೋ ಥರ ಬರೋದು ಇದೇ ಕಾರಣಕ್ಕೆ. ಥಾರ್ ಫಾರ್ಚೂನರ್ ಥರ ದೊಡ್ಡ ಟೈರು ಇಟ್ಕೊಂಡಿರೋರು, ಮಣ್ಣು ಮರಳಲ್ಲಿ ಗಾಳಿ ಇಳಿಸಿ ಓಡಿಸೋ ಖಯಾಲಿ ಇರೋರು ಅಂಥದ್ದು ತಗೊಳ್ಲಿ, ಆಲ್ಟೋ ಸ್ವಿಫ್ಟ್ ಬಲೆನೋಗೆಲ್ಲ ಅದು ಬೇಕಿಲ್ಲ. ಇನ್ನೊಂದು, ಈಗಿನ ಕೆಲವು ಹೊಸ ಕಾರುಗಳಲ್ಲಿ ಈ ದುಂಡು ಸಾಕೆಟ್ಟೇ ತೆಗೆದು ಬರೀ ಯುಎಸ್‌ಬಿ ಕೊಟ್ಟಿರ್ತಾರೆ, ಆರ್ಡರ್ ಮಾಡೋಕೆ ಮುಂಚೆ ಹೋಗಿ ನೋಡ್ಕೊಂಡು ಬನ್ನಿ.

ಒಳಗೇ ಬ್ಯಾಟರಿ ಇರೋ ಮಷೀನು ಒಳ್ಳೇದಲ್ವಾ, ವೈರ್ ಗಲಾಟೆ ಇಲ್ಲ ಅಂತ ಬಹಳ ಜನ ಕೇಳ್ತಾರೆ. ಶಿಯೋಮಿದು ಬಂದ್ಮೇಲೆ ಆ ಥರದ್ದು ಸಿಕ್ಕಾಪಟ್ಟೆ ಆಗಿದೆ, ನೋಡೋಕೂ ಚೆನ್ನಾಗಿದೆ, ಕೈಯಲ್ಲಿ ಹಿಡಿದು ನಾಲ್ಕೂ ಚಕ್ರ ಸುತ್ತಾಡ್ಬಹುದು. ಬೈಕ್ ಇರೋರಿಗೆ ಅದಕ್ಕಿಂತ ಒಳ್ಳೇದು ಇಲ್ಲ. ಆದ್ರೆ ಕಾರಲ್ಲಿ ಇಡೋಕೆ ನನಗೆ ಅದು ಅಷ್ಟು ಹಿಡಿಸಲ್ಲ. ಲಿಥಿಯಂ ಬ್ಯಾಟರಿನ ಕಲಬುರಗಿ ರಾಯಚೂರು ಕಡೆ ಏಪ್ರಿಲ್ ಬಿಸಿಲಲ್ಲಿ ನಿಲ್ಸಿರೋ ಕಾರೊಳಗೆ ಬಿಟ್ರೆ ಅದರ ಆಯಸ್ಸು ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ. ಮನೆಯೊಳಗೆ ಇಟ್ರೆ ಬೇಕಾದಾಗ ಕಾರಲ್ಲಿ ಇರಲ್ಲ, ಕಾರಲ್ಲಿ ಇಟ್ರೆ ಬೇಕಾದಾಗ ಚಾರ್ಜ್ ಇರಲ್ಲ. ವೈರಿಂದು ಆ ವಿಷ್ಯದಲ್ಲಿ ಎಮ್ಮೆ ಥರ, ಡಿಕ್ಕೀಲಿ ವರ್ಷಗಟ್ಟಲೆ ಬಿದ್ದಿದ್ರೂ ಎಬ್ಬಿಸಿದ ದಿನ ಎದ್ದು ಕೆಲಸ ಮಾಡುತ್ತೆ.

ವೈರ್ ಉದ್ದ ನೋಡಿ. ಗಾಳಿ ಪೈಪು ಮತ್ತೆ ಕರೆಂಟ್ ವೈರು ಎರಡೂ ಸೇರಿ ಹಿಂದಿನ ಚಕ್ರದ ವಾಲ್ವ್ ತನಕ ಹೋಗ್ಬೇಕು, ವಾಲ್ವ್ ಮೇಲೆ ಬಂದು ನಿಂತಿದ್ರೂ ಕೂಡ. ಡ್ಯಾಶ್‌ಬೋರ್ಡ್ ಸಾಕೆಟ್‌ನಿಂದ ಕಿಟಕಿ ಮೂಲಕ ಹೊರಗೆ ಬಂದು ಹಿಂದಿನ ಬಂಪರ್ ಕಡೆಗೆ ಹೋಗೋಷ್ಟರಲ್ಲಿ ಮೂರು ಮೀಟರ್ ವೈರ್ ಎಲ್ಲೋ ಕಳೆದೇ ಹೋಗಿರುತ್ತೆ.

ಆಮೇಲೆ ಪೈಪಿನ ತುದಿ. ಯಾವ ರಿವ್ಯೂನಲ್ಲೂ ಇದರ ಬಗ್ಗೆ ಸರಿಯಾಗಿ ಹೇಳಲ್ಲ, ಆದ್ರೆ ದಿನಾ ಬಳಸೋರಿಗೆ ಸಿಟ್ಟು ಬರೋದೇ ಇಲ್ಲಿ. ಎರಡು ಥರ ಬರುತ್ತೆ, ತಿರುಗಿಸಿ ಕೂರಿಸೋದು ಒಂದು, ಒತ್ತಿ ಲಿವರ್ ಮಡಚೋದು ಇನ್ನೊಂದು. ತಿರುಗಿಸೋದರಲ್ಲಿ ಬಿಚ್ಚುವಾಗ ಎರಡು ಮೂರು ಸುತ್ತು ಆಗೋತನಕ ಪುಸ್ ಅಂತ ಗಾಳಿ ಹೋಗ್ತಾನೇ ಇರುತ್ತೆ, ಜೊತೆಗೆ ಆ ಹಿತ್ತಾಳೆ ತುದಿ ಒಳ್ಳೆ ಬಿಸಿ ಆಗಿರುತ್ತೆ, ಗಾಳಿ ಒತ್ತಿದ್ರೆ ಬಿಸಿ ಆಗುತ್ತಲ್ಲ, ಆ ಬಿಸಿ ಎಲ್ಲ ಅಲ್ಲಿಗೇ ಬಂದು ಕೂರುತ್ತೆ. ಹಳೇ ಕರ್ಚೀಫ್ ಒಂದು ಮಷೀನ್ ಬ್ಯಾಗಲ್ಲೇ ಇಡಿ. ಲಿವರ್ ಥರದ್ದು ಬಿಚ್ಚೋಕೆ ಟಕ್ ಅಂತ ಬರುತ್ತೆ, ಗಾಳಿ ಹೋಗಲ್ಲ, ಆದ್ರೆ ಪೂರ್ತಿ ಒಳಗೆ ತಳ್ಳದೆ ಲಿವರ್ ಮಡಚಿದ್ರೆ ಪಕ್ಕದಿಂದ ಗಾಳಿ ಸೋರ್ತಾ ಮಷೀನು ಸುಮ್ನೆ ಕೂಗ್ತಾ ಇರುತ್ತೆ, ಮೀಟರ್ ಮಾತ್ರ ಏರಲ್ಲ. ನನ್ನ ಓಟು ತಿರುಗಿಸೋದಕ್ಕೇ, ಯಾಕಂದ್ರೆ ಒಮ್ಮೆ ಕೂತ್ರೆ ಕೂತಂಗೇ, ಹೋಗೋ ಗಾಳಿಗೆ ಒಂದು ಪಾಯಿಂಟ್, ಅಂದ್ರೆ ಒಂದು ಪಿಎಸ್ಐ, ಜಾಸ್ತಿ ಸೆಟ್ ಮಾಡಿದ್ರೆ ಆಯ್ತು.

ಈಗ ಎಷ್ಟು ಹಾಕ್ಬೇಕು ಅನ್ನೋದು. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಕೆಲವು ಗಾಡೀಲಿ ಪೆಟ್ರೋಲ್ ಮುಚ್ಚಳದ ಒಳಗೆ ಇರುತ್ತೆ, ಅದೇ ಫೈನಲ್. ಟೈರ್ ಪಕ್ಕದಲ್ಲಿ ಮ್ಯಾಕ್ಸ್ ಪ್ರೆಶರ್ ಅಂತ ಉಬ್ಬು ಅಕ್ಷರದಲ್ಲಿ ಬರೆದಿರೋದು ಆ ಟೈರ್ ತಡ್ಕೊಳ್ಳೋ ಮಿತಿ, ನೀವು ಹಾಕ್ಬೇಕಾಗಿರೋದಲ್ಲ. ಸ್ಟಿಕ್ಕರಲ್ಲಿ ಎರಡು ಸಾಲು ಇರುತ್ತೆ, ಇಬ್ಬರು ಮೂವರು ಕೂತಾಗ ಒಂದು, ಐದು ಜನ ಲಗೇಜ್ ಸಮೇತ ಹೋದಾಗ ಒಂದು, ಹಿಂದಿನ ಚಕ್ರಕ್ಕೆ ಅಲ್ಲಿ ಜಾಸ್ತಿ ಇರುತ್ತೆ. ಧರ್ಮಸ್ಥಳಕ್ಕೆ ಮನೆಮಂದಿಯೆಲ್ಲ ಹೊರಟಾಗ ಆ ಎರಡನೇ ಸಾಲು ನೋಡಿ. ಕೆಲವು ಸ್ಟಿಕ್ಕರಲ್ಲಿ ಕೆಪಿಎ ಲೆಕ್ಕ ಇರುತ್ತೆ, 230 ಅಂದ್ರೆ 33 ಪಿಎಸ್ಐ, ಬಾರ್ ಲೆಕ್ಕದಲ್ಲಿ 2.3. ಮಷೀನಲ್ಲಿ ಯೂನಿಟ್ ಬದಲಾಯಿಸೋ ಬಟನ್ ಇರುತ್ತೆ, ಮಕ್ಕಳು ಒತ್ತಿ ಇಟ್ಟಿದಾರಾ ಅಂತ ಶುರು ಮಾಡೋ ಮುಂಚೆ ನೋಡಿ.

ಆ ಸ್ಟಿಕ್ಕರ್ ನಂಬರ್ರು ತಣ್ಣಗಿರೋ ಟೈರಿಗೆ. ನಾನು ಈ ಮಷೀನ್ ತಗೊಳ್ಳಿ ಅಂತ ಎಲ್ರಿಗೂ ಹೇಳೋದೇ ಈ ಒಂದು ಕಾರಣಕ್ಕೆ, ಪಂಕ್ಚರ್ ಎಲ್ಲ ಆಮೇಲೆ. ಪೆಟ್ರೋಲ್ ಬಂಕಲ್ಲಿ ಗಾಳಿ ಫ್ರೀನೇ, ಕೊಡಲೇಬೇಕು ಅಂತ ರೂಲ್ಸೂ ಇದೆ, ಆದ್ರೆ ಬಂಕ್ ತನಕ ನಾಲ್ಕೈದು ಕಿಲೋಮೀಟರ್ ಓಡಿಸೋಷ್ಟರಲ್ಲಿ ಟೈರು ಬಿಸಿಯಾಗಿ ಎರಡು ಮೂರು ಪಾಯಿಂಟ್ ಏರಿರುತ್ತೆ. ಹುಡುಗ "ಎಷ್ಟಣ್ಣ?" ಅಂತಾನೆ, ನಾವು "33 ಹಾಕಪ್ಪ" ಅಂತೀವಿ, ಮೆಷಿನ್ನು 33 ತೋರಿಸಿ ಪೀ ಅನ್ನುತ್ತೆ, ಮನೆಗೆ ಬಂದು ರಾತ್ರಿ ತಣ್ಣಗಾದ್ಮೇಲೆ ಅಲ್ಲಿರೋದು 30. ಅವನ ತಪ್ಪೇನಿಲ್ಲ ಪಾಪ. ಹವಾಮಾನ ಬದಲಾದ್ರೂ ಅಷ್ಟೇ, ಸುಮಾರು ಐದೂವರೆ ಡಿಗ್ರಿಗೆ ಒಂದು ಪಿಎಸ್ಐ ಲೆಕ್ಕ. ಮಧ್ಯಾಹ್ನ 35 ಡಿಗ್ರೀಲಿ ಸರಿಯಾಗಿ ಹಾಕಿಸಿ ಚಿಕ್ಕಮಗಳೂರು ಹೋಮ್‌ಸ್ಟೇಲಿ ಬೆಳಿಗ್ಗೆ 13 ಡಿಗ್ರೀಲಿ ನೋಡಿದ್ರೆ ನಾಲ್ಕು ಪಾಯಿಂಟ್ ಕಮ್ಮಿ ಇರುತ್ತೆ, ಪಂಕ್ಚರ್ ಆಗಿದೆ ಅಂತ ಗಾಬರಿ ಆಗೋದು ಬೇಡ. ಹಂಗೇ ಉಲ್ಟಾನೂ, ಹೈವೇಲಿ ಎರಡು ಗಂಟೆ ಓಡ್ಸಿ ನಿಲ್ಸಿದಾಗ 37-38 ತೋರಿಸ್ತು ಅಂತ ಗಾಳಿ ಬಿಡಬೇಡಿ, ಬಿಟ್ರೆ ತಣ್ಣಗಾದಾಗ ಕಮ್ಮಿ ಆಗಿ ಟೈರಿನ ಎರಡೂ ಅಂಚು ಸವೆಯುತ್ತೆ.

ನೈಟ್ರೋಜನ್ ಹಾಕಿಸಿದ್ರೆ ಇದೆಲ್ಲ ಇಲ್ಲ ಸಾರ್ ಅಂತ ಟೈರ್ ಅಂಗಡೀಲಿ ಹೇಳ್ತಾರೆ. ನಾವು ಉಸಿರಾಡೋ ಗಾಳೀಲೇ 78 ಪರ್ಸೆಂಟ್ ನೈಟ್ರೋಜನ್ ಇದೆ. ಮುಂದಕ್ಕೆ ಹೋಗೋಣ.

ಬಳಸೋ ಕ್ರಮ ಅಂತ ದೊಡ್ಡದೇನಿಲ್ಲ. ಬೆಳಿಗ್ಗೆ ಎದ್ದು ಗಾಡಿ ಎಲ್ಲೂ ತೆಗೆಯೋಕೆ ಮುಂಚೆ, ಇಂಜಿನ್ ಸ್ಟಾರ್ಟ್ ಮಾಡಿ, ಇಲ್ಲಾಂದ್ರೆ ಬ್ಯಾಟರಿ ಇಳಿಯುತ್ತೆ. ಮುಚ್ಚಿದ ಗ್ಯಾರೇಜಲ್ಲಿ ಮಾತ್ರ ಇಂಜಿನ್ ಓಡಿಸ್ಕೊಂಡು ಕೂರಬೇಡಿ, ಹೊಗೆ ವಿಷ, ಗಾಡಿ ಹೊರಗೆ ತಂದು ಹಾಕಿ. ಮೊದ್ಲು ಮಷೀನ್ ಆಫ್ ಇದ್ದಾಗ ಪೈಪ್ ಕೂರಿಸಿ, ಈಗ ಎಷ್ಟಿದೆ ನೋಡಿ, ಬೇಕಾಗಿರೋದು ಸೆಟ್ ಮಾಡಿ, ಆಮೇಲೆ ಆನ್. ಓಡ್ತಿರೋವಾಗ ತೋರಿಸೋ ನಂಬರ್ರು ಪೈಪಿನೊಳಗಿನ ಒತ್ತಡನೂ ಸೇರಿ ಸ್ವಲ್ಪ ಜಾಸ್ತಿನೇ ಇರುತ್ತೆ, ನಿಂತ ಮೇಲೆ ಒಂದು ಪಾಯಿಂಟ್ ಇಳಿಯೋದು ಸಹಜ. ಮಷೀನ್ ಮೀಟರನ್ನ ಪೂರ್ತಿ ನಂಬೋದಕ್ಕಿಂತ ಪೆನ್ನಿನ ಥರದ್ದೋ ಡಿಜಿಟಲ್ಲೋ ಒಂದು ಬೇರೆ ಗೇಜ್ ಇಟ್ಕೊಳ್ಳಿ, ಕೆಲವು ನೂರು ರೂಪಾಯಿ ಅಷ್ಟೇ. ಎಲ್ಲಾ ನಾಲ್ಕು ಚಕ್ರಕ್ಕೂ ಒಂದೇ ಗೇಜಲ್ಲಿ ನೋಡಿದ್ರೆ ಕನಿಷ್ಠ ಎಡ ಬಲ ಸಮ ಇರುತ್ತೆ. ಸದ್ದು ಮಾತ್ರ ಕೇಳ್ಬೇಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಬೆಳಿಗ್ಗೆ ಆರಕ್ಕೆ ಹಾಕಿದ್ರೆ ವಾಟ್ಸಾಪ್ ಗ್ರೂಪಲ್ಲಿ ನಿಮ್ಮ ಫ್ಲಾಟ್ ನಂಬರ್ ಬರುತ್ತೆ.

ಪಂಕ್ಚರ್ ವಿಷ್ಯಕ್ಕೆ ಬರ್ತೀನಿ. ನಮ್ಮ ಭಾವ ಮೊನ್ನೆ ಹೊಸ ಎಲೆಕ್ಟ್ರಿಕ್ ಕಾರ್ ತಗೊಂಡು ಡಿಕ್ಕಿ ಕಾರ್ಪೆಟ್ ಎತ್ತಿ ನೋಡಿದ್ರೆ ಸ್ಟೆಪ್ನಿನೇ ಇಲ್ಲ, ಒಂದು ಪುಟ್ಟ ಮಷೀನು, ಒಂದು ಬಾಟ್ಲಿ ಅಂಟು. ಮೋಸ ಮಾಡಿದಾರೆ ಕಣೋ ಅಂತ ಫೋನ್ ಮಾಡಿದ್ರು. ಮೋಸ ಅಲ್ಲ ಭಾವ, 2020ರಲ್ಲೇ ಕೇಂದ್ರದವರು ರೂಲ್ಸ್ ತಿದ್ದಿದಾರೆ, ಟ್ಯೂಬ್‌ಲೆಸ್ ಟೈರು, ಗಾಳಿ ಕಮ್ಮಿ ಆದ್ರೆ ಹೇಳೋ ಸೆನ್ಸರು, ರಿಪೇರಿ ಕಿಟ್ಟು ಇದ್ರೆ ಸ್ಟೆಪ್ನಿ ಕೊಡದೇ ಇದ್ರೂ ನಡೆಯುತ್ತೆ ಅಂದೆ. ಅಂಥ ಗಾಡಿಯವರಿಗೆ ಈ ಮಷೀನೇ ಸ್ಟೆಪ್ನಿ. ಆ ಬಾಟ್ಲಿ ಅಂಟು ಮಾತ್ರ ಬೇರೆ ದಾರಿನೇ ಇಲ್ಲ ಅಂದಾಗ ಬಳಸಿ, ಒಳಗೆಲ್ಲ ಮೆತ್ಕೊಂಡು ಪಂಕ್ಚರ್ ಅಂಗಡಿಯವರು ಬೈತಾರೆ, ಅದಕ್ಕೆ ಎಕ್ಸ್‌ಪೈರಿ ಡೇಟೂ ಇರುತ್ತೆ.

ಟ್ಯೂಬ್‌ಲೆಸ್ಸಲ್ಲಿ ಮೊಳೆ ಚುಚ್ಚಿದ್ರೆ ಗಾಳಿ ನಿಧಾನಕ್ಕೆ ಹೋಗುತ್ತೆ. ಮೊಳೆ ಕಂಡ ತಕ್ಷಣ ಕೀಳೋಕೆ ಹೋಗ್ಬೇಡಿ, ಅದೇ ಬಿರಡೆ ಥರ ಮುಚ್ಕೊಂಡಿರುತ್ತೆ. ಮಷೀನ್ ಹಾಕಿ 33-35 ತುಂಬಿಸಿ, ಐದು ನಿಮಿಷ ಕಾದು ಮತ್ತೆ ನೋಡಿ, ಒಂದೆರಡು ಇಳಿದಿದ್ರೆ ನಿಧಾನಕ್ಕೆ ಅಂಗಡಿ ತನಕ ಹೋಗ್ಬಹುದು. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಥರದ ಕಡೆ, ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ ಇದು ದೊಡ್ಡ ವಿಷ್ಯ, ಗಾಡಿಗಳು ಜುಂಯ್ ಅಂತ ಪಕ್ಕದಲ್ಲಿ ಹೋಗ್ತಿರೋವಾಗ ಜ್ಯಾಕ್ ಹಾಕಿ ಚಕ್ರ ಬಿಚ್ಚೋದಕ್ಕಿಂತ ನಾಲ್ಕು ನಿಮಿಷ ಗಾಳಿ ಹಾಕಿ ಅಲ್ಲಿಂದ ಹೊರಡೋದು ಎಷ್ಟೋ ವಾಸಿ. ಮೊಳೆ ಏನೂ ಕಾಣದೇ ವಾರಕ್ಕೆ ಮೂರ್ನಾಲ್ಕು ಪಾಯಿಂಟ್ ಇಳೀತಿದ್ರೆ ವಾಲ್ವ್ ಮುಚ್ಚಳ ತೆಗೆದು ಬಾಯಿಗೆ ಸ್ವಲ್ಪ ಸೋಪು ನೀರು ಬಿಡಿ, ಪಂಕ್ಚರ್ ಅಂಗಡಿಯವರು ಬೆರಳಲ್ಲಿ ಎಂಜಲು ಹಚ್ಚಿ ನೋಡ್ತಾರಲ್ಲ ಅದೇ ಟೆಕ್ನಿಕ್ಕು. ಗುಳ್ಳೆ ಊದಿದ್ರೆ ವಾಲ್ವ್ ಪಿನ್ನು ಹೋಗಿದೆ, ಕೆಲವೇ ರೂಪಾಯಿ ಸಾಮಾನು.

ಮಷೀನಿಂದ ಆಗದೇ ಇರೋದೂ ಇದೆ. ಟೈರ್ ಪಕ್ಕಕ್ಕೆ ಕಲ್ಲು ಕೊಯ್ದಿದ್ರೆ, ಇಲ್ಲಾ ಟೈರು ರಿಮ್ಮಿಂದಾನೇ ಬಿಟ್ಕೊಂಡಿದ್ರೆ, ಎಷ್ಟೊತ್ತು ಹಾಕಿದ್ರೂ ಏರಲ್ಲ, ರಿಮ್ಮಿಗೆ ಮತ್ತೆ ಕೂರಿಸೋಕೆ ಒಂದೇ ಸಲ ಭಸ್ ಅಂತ ಗಾಳಿ ನುಗ್ಗಬೇಕು, ಅದು ಅಂಗಡಿಯ ದೊಡ್ಡ ಟ್ಯಾಂಕಿಗೆ ಮಾತ್ರ ಸಾಧ್ಯ. ಗಾಳಿ ಇಲ್ದೆ ಒಂದೆರಡು ಕಿಲೋಮೀಟರ್ ಓಡ್ಸಿಬಿಟ್ಟಿದ್ರೆ ತುಂಬಿಸಿ ಮತ್ತೆ ಹೈವೇಗೆ ಹೋಗೋ ಧೈರ್ಯ ಮಾಡ್ಬೇಡಿ, ಪಕ್ಕದ ಗೋಡೆ ಒಳಗಿಂದ ಪುಡಿಯಾಗಿರುತ್ತೆ, ಬಿಚ್ಚಿ ಒಳಗೆ ಕೈ ಹಾಕಿದ್ರೆ ಕರಿ ರಬ್ಬರ್ ಹುಡಿ ಸಿಗುತ್ತೆ.

ಸ್ಟೆಪ್ನಿ ಇರೋರು ಅದಕ್ಕೂ ಗಾಳಿ ನೋಡಿ, ವರ್ಷಾನುಗಟ್ಟಲೆ ಮುಟ್ಟದೇ ಇಟ್ಟು ಬೇಕಾದಾಗ ತೆಗೆದ್ರೆ 15 ಇರುತ್ತೆ, ಎರಡು ಪಾಯಿಂಟ್ ಜಾಸ್ತಿನೇ ಹಾಕಿಡಿ. ಜೊತೆಗೆ ಬರೋ ಚಿಕ್ಕ ಚಿಕ್ಕ ನಳಿಗಳನ್ನ ಬಿಸಾಕ್ಬೇಡಿ, ಸೂಜಿಯಂಥದ್ದು ಫುಟ್‌ಬಾಲಿಗೆ, ಇನ್ನೊಂದು ನಮ್ಮ ಹಳೇ ಸೈಕಲ್ ವಾಲ್ವಿಗೆ, ಅದಿಲ್ಲದೇ ಸೈಕಲ್ಲಿಗೆ ಕೂರೋದೇ ಇಲ್ಲ. ಸ್ಕೂಟರ್ ಹಿಂದಿನ ಚಕ್ರಕ್ಕೆ ಎಷ್ಟೋ ಗಾಡೀಲಿ ಪೈಪ್ ತುದಿ ಒಳಗೆ ಹೋಗೋಷ್ಟು ಜಾಗನೇ ಇರಲ್ಲ, ಬಾಗಿದ ವಾಲ್ವು ಹಾಕಿಸ್ಕೊಂಡುಬಿಡಿ, ಮುಂದಿನ ಸಲ ಟೈರ್ ಬದಲಾಯಿಸುವಾಗ ಹೇಳಿದ್ರೆ ಅವರೇ ಹಾಕಿಕೊಡ್ತಾರೆ.